ಕೂಡು, ಕೂಟೆ, ಕೂಡದು

ಚಾಮರಾಜನಗರ ತಾಲ್ಲೂಕಿನ ನಮ್ಮೂರು ಉಡಿಗಾಲದ ಹಳಬರ ಬಾಯಲ್ಲಿ ‘ಜೊತೆ’ ಎಂಬ ಮಾತು ಅಪರೂಪ. ಅವರದೇನಿದ್ದರೂ ‘ಕೂಟೆ’. ‘ನನ್ ಕೂಟೆ ಬಾ’, ‘ಅವನ್ ಕೂಟೆ ಮಾತಾಡ್ಬ್ಯಾಡ’, ‘ಉಪ್ಸಾರು ಮುದ್ದೆ ಕೂಟೆ ಚೆಂದ’. ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು ಸೀಮೆಯ ಹಳ್ಳಿಗಳಲ್ಲಿ ಓಡಾಡಿದವರ ಕಿವಿಗೆ ಈ ಪದ ಬಿದ್ದೇ ಇರುತ್ತದೆ. ಶಾಲೆಯ ಕನ್ನಡದಲ್ಲಿ ಇದು ‘ಕೂಡೆ’. ಹಿಂದೆ ನಿಂತಿರುವ ಕ್ರಿಯಾಪದ ‘ಕೂಡು’. ಬೇರೆಬೇರೆಯಾಗಿದ್ದವು ಒಂದೆಡೆ ಬರುವುದು.

ಕನ್ನಡದಲ್ಲಿ ಇಷ್ಟು ದುಡಿಯುವ ಇನ್ನೊಂದು ಕ್ರಿಯಾಪದವನ್ನು ಹುಡುಕಲು ಕಷ್ಟಪಡಬೇಕು. ಲೆಕ್ಕದ ಮೇಷ್ಟ್ರು ಮೊದಲು ಕಲಿಸುವುದು ಕೂಡುವುದನ್ನು, ಆಮೇಲೆ ಕಳೆಯುವುದನ್ನು. ಹಣ ಕೂಡಿಡುತ್ತೇವೆ. ಮದುವೆಗೆ ಕಾಲ ಕೂಡಿ ಬರಬೇಕು. ಗಂಡ ಸತ್ತ ಹೆಣ್ಣು ಮತ್ತೆ ಬಾಳು ಕಟ್ಟಿಕೊಂಡರೆ ಅದಕ್ಕೆ ‘ಕೂಡಿಕೆ’ ಎಂಬ ಹೆಸರನ್ನು ನಮ್ಮ ನಾಡಿನ ಹಲವು ಸಮುದಾಯಗಳು ಯಾವ ಸಮಾಜ ಸುಧಾರಕರು ಬರುವ ಮೊದಲೇ ಇಟ್ಟುಕೊಂಡಿದ್ದವು. ಊರಿನ ನ್ಯಾಯಕ್ಕೆ ಜನ ಸೇರಿದರೆ ಕೂಟ. ‘ಇದು ಕೂಡ’ ಎನ್ನುವಾಗಿನ ‘ಕೂಡ’ವೂ, ‘ಕೂಡಲೇ ಬಾ’ ಎನ್ನುವಾಗಿನ ‘ಕೂಡಲೇ’ಯೂ ಇದೇ ಬೇರಿನವು. ಒಂದು ಕೆಲಸಕ್ಕೆ ಇನ್ನೊಂದು ತಾಗಿಕೊಂಡೇ ಬಂದರೆ, ನಡುವೆ ಎಡೆ ಇಲ್ಲದಿದ್ದರೆ, ಅದು ‘ಕೂಡಲೇ’. ಮೂಡ್ನಾಕೂಡು ಎಂಬ ಊರೇ ನಮ್ಮ ತಾಲ್ಲೂಕಿನಲ್ಲಿದೆ. ಕವಿ ಮೂಡ್ನಾಕೂಡು ಚಿನ್ನಸ್ವಾಮಿಯವರ ಹೆಸರನ್ನು ಅಚ್ಚಿನಲ್ಲಿ ಕಂಡಾಗಲೆಲ್ಲ ನನ್ನ ಕಣ್ಣು ಊರ ಹೆಸರಿನ ಕೊನೆಯ ಎರಡು ಅಕ್ಷರಗಳ ಮೇಲೆ ನಿಲ್ಲುತ್ತದೆ.

ಉಡಿಗಾಲದ ‘ಉಡಿ’ಯನ್ನೂ ಹೀಗೆ ಹಿಡಿದು ನೋಡುವ ಆಸೆ ನನಗೆ. ಊರಿನ ಹೆಸರು ಎಲ್ಲಿಂದ ಬಂತೆಂದು ಹೇಳಲು ಹೊರಟಿಲ್ಲ, ಪದವನ್ನು ಮಾತ್ರ ನೋಡುತ್ತಿದ್ದೇನೆ. ಹಳಗನ್ನಡದಲ್ಲಿ ‘ಉಡಿ’ ಎಂದರೆ ಮುರಿ. ಗದಾಯುದ್ಧದಲ್ಲಿ ಉಡಿಯುವುದು ತೊಡೆಗಳು. ಹೆಂಗಸರ ಮಾತಿನಲ್ಲಿ ‘ಉಡಿ’ ಎಂದರೆ ಸೀರೆಯ ಮಡಿಲು. ಅಕ್ಕಿ, ಕೊಬ್ಬರಿ, ಎಲೆಅಡಿಕೆ, ಬಾಳೆಹಣ್ಣನ್ನು ಒಟ್ಟಿಗೆ ತುಂಬಿ ಕಳಿಸುವ ಜಾಗ. ಒಡೆಯುವುದಕ್ಕೂ ಒಟ್ಟಾಗಿ ಹಿಡಿದಿಟ್ಟುಕೊಳ್ಳುವುದಕ್ಕೂ ಒಂದೇ ಸದ್ದು. ನಮ್ಮ ಸೀಮೆಯ ಚರಿತ್ರೆ ಓದಿದವರಿಗೆ ಇದು ಅಚ್ಚರಿ ಅನ್ನಿಸುವುದಿಲ್ಲ.

ನನ್ನ ದೊಡ್ಡವ್ವ ಕೊಳ್ಳೇಗಾಲದ ಸೀಮೆಯಿಂದ ಉಡಿಗಾಲಕ್ಕೆ ಸೊಸೆಯಾಗಿ ಬಂದವರು. ರಾಜ್ಯೋತ್ಸವದ ದಿನ ಶಾಲೆಯಿಂದ ಬಂದು ಭಾಷಣದಲ್ಲಿ ಕೇಳಿದ ಏಕೀಕರಣ ಎಂದರೇನು ಎಂದು ನಾವು ಮಕ್ಕಳು ಕೇಳಿದರೆ ಅವರ ಉತ್ತರ ಹೀಗಿರುತ್ತಿತ್ತು: ‘ನಾನು ಹುಟ್ಟಿದ್ದು ಕೊಯಮತ್ತೂರು ಜಿಲ್ಲೇಲಿ ಕನಪ್ಪ. ಮದ್ವೆಯಾಗಿ ಮೈಸೂರು ಸೀಮೆಗೆ ಬಂದಿ. ಆಮೇಲೊಂಜಿನ ನಮ್ಮಪ್ಪನ ಮನೆನೂ ಮೈಸೂರಿಗೇ ಸೇರ್ಕತ್ತು. ಬಂಡಿ ದಾರಿ ಅದೇಯ, ನೆಂಟ್ರೂ ಅವ್ರೇಯ.’ ಅವರ ಪಾಲಿಗೆ ರಾಜ್ಯಗಳ ಮರುವಿಂಗಡಣೆ ಇಷ್ಟು. ಮಗಳು ಮೊದಲು ಹೋದಳು, ತವರು ಆಮೇಲೆ ಬಂತು.

ಆ ಮಾತು ಎಷ್ಟು ನಿಜವೆಂದು ದೊಡ್ಡವನಾದ ಮೇಲೆ ತಿಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗೆದ್ದವರು ಟಿಪ್ಪುವಿನ ನಾಡನ್ನು ಹಂಚಿಕೊಂಡರು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿನ ಒಡೆಯರಿಗೆ ಉಳಿದವು. ಆಗ ಚಾಮರಾಜನಗರದ ಹೆಸರು ಅರಿಕುಠಾರ. ತಮ್ಮ ತಂದೆ ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟರು. ಪಕ್ಕದ ಕೊಳ್ಳೇಗಾಲ ಕಂಪನಿಯ ಪಾಲಾಗಿ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ನಡುವಿನ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಒಂದು ದಿನದ ಗಾಡಿ ದಾರಿಯಲ್ಲಿ ಮೂರು ಬಗೆಯ ಆಳ್ವಿಕೆ. ಕೊಳ್ಳೇಗಾಲದ ರೈತ ಜಿಲ್ಲಾ ಕಚೇರಿಯ ಕೆಲಸವಿದ್ದರೆ ಹಾಸನೂರು ದಾಟಿ ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕು. ಅವನ ಭಾಷೆ ಕನ್ನಡ, ದೇವರು ಮಾದಪ್ಪ, ನೆಂಟಸ್ತಿಕೆ ಮೈಸೂರು ಸೀಮೆಯಲ್ಲಿ.

ನಮ್ಮ ಕಡೆಯವರ ದೇವರೂ ಆ ಪಾಲಿನಲ್ಲೇ ಇದ್ದ. 1956ರವರೆಗೆ ಗುಂಡ್ಲುಪೇಟೆಯಿಂದಲೋ ಉಡಿಗಾಲದಿಂದಲೋ ಮಲೆ ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋದವರೆಲ್ಲ ಬೇರೆ ಸರ್ಕಾರದ ನೆಲಕ್ಕೆ ಹೋಗಿ ಬಂದವರೇ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕತೆಯಲ್ಲಿ ಬೆಟ್ಟ ಬರುತ್ತದೆ, ಹಳ್ಳ ಬರುತ್ತದೆ, ಹುಲಿ ಬರುತ್ತದೆ. ಜಿಲ್ಲೆಯ ಗಡಿಗೆ ಅಲ್ಲಿ ಜಾಗವಿಲ್ಲ.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರಿನಲ್ಲಿ ವರದಿ ಬಂತು. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರದ ಕಡೆಗಳು, ಹೈದರಾಬಾದಿನ ಬೀದರ್, ಗುಲ್ಬರ್ಗ, ರಾಯಚೂರುಗಳು, ಮದರಾಸಿನ ದಕ್ಷಿಣ ಕನ್ನಡ, ಬೇರೆಯೇ ಆಗಿದ್ದ ಕೊಡಗು, ಇವೆಲ್ಲ ಮೈಸೂರಿನೊಡನೆ ಕೂಡಿದವು. ಬಳ್ಳಾರಿ 1953ರಲ್ಲೇ ಬಂದಿತ್ತು. ಈ ದೊಡ್ಡ ಪಟ್ಟಿಯ ಮೂಲೆಯಲ್ಲಿ ಒಂಟಿಯಾಗಿ ಒಂದು ತಾಲ್ಲೂಕಿನ ಹೆಸರಿದೆ: ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ. ಇತರರು ಜಿಲ್ಲೆಜಿಲ್ಲೆಯಾಗಿ ಬಂದರು, ಅದು ಒಬ್ಬಂಟಿಯಾಗಿ ಬಂತು. ಆ ಕಾನೂನಿನ ಸಾಲು ಓದುವಾಗ ನನಗೆ ದೊಡ್ಡವ್ವನ ತವರು ಕಾಣುತ್ತದೆ, ಎದೆ ತುಂಬುತ್ತದೆ.

ಕೂಡಿಸಿಕೊಂಡ ಕಡೆಯವರಾದ ನಾವು ಆಗ ಪೂರ್ತಿ ಸಂತೋಷದಿಂದಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೇ ಮೈಸೂರಿನಲ್ಲಿ ಅಳುಕಿತ್ತು. ಕಟ್ಟಿದ ಕಾಲುವೆ, ಶಾಲೆ, ವಿದ್ಯುತ್ತು ಹಂಚಿಹೋದಾವು, ಅಧಿಕಾರ ಬೇರೆ ಸೀಮೆಯವರ ಕೈಗೆ ಹೋದೀತು ಎಂಬ ಮಾತುಗಳನ್ನು ದೊಡ್ಡದೊಡ್ಡವರೇ ಆಡಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಆ ಅಳುಕಿನ ಎದುರು ನಿಂತು ಏಕೀಕರಣದ ಪರ ಮಾತಾಡಿದರು. ಉತ್ತರದಲ್ಲಿ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದಾಗಿನಿಂದ ನಡೆದ ದುಡಿಮೆ ಒಂದಾದರೆ, ದಕ್ಷಿಣದಲ್ಲಿ ತನ್ನವರ ಅಳುಕನ್ನೇ ಎದುರಿಸಿದ ದುಡಿಮೆ ಇನ್ನೊಂದು. ಎರಡನೆಯದನ್ನು ನಾವು ಕಡಿಮೆ ನೆನೆಯುತ್ತೇವೆ. ಕೂಡಲು ಬರುವವರಿಗೆ ಬೇಕಾದ ಧೈರ್ಯಕ್ಕಿಂತ ಕೂಡಿಸಿಕೊಳ್ಳುವವರಿಗೆ ಬೇಕಾದ ಮನಸ್ಸು ದೊಡ್ಡದು.

ಆ ಹೋರಾಟಕ್ಕೆ ನಮ್ಮ ಹಿರಿಯರು ಆರಿಸಿಕೊಂಡ ಪದ ‘ಏಕೀಕರಣ’. ಸಂಸ್ಕೃತದಲ್ಲಿ ಇಂಥ ಪದ ಕಟ್ಟುವುದಕ್ಕೆ ಪಾಣಿನಿಯ ಸೂತ್ರವೇ ಇದೆ. ಮೊದಲು ಹಾಗಿರದದ್ದು ಈಗ ಹಾಗಾದಾಗ ಈ ‘ಈ’ಕಾರ ಬರುತ್ತದೆ. ಬಿಳಿಯಲ್ಲದ್ದು ಬಿಳಿಯಾದರೆ ಶುಕ್ಲೀಕರಣ, ಒಂದಲ್ಲದ್ದು ಒಂದಾದರೆ ಏಕೀಕರಣ. ಹಿರಿಯರು ಹೇಳುತ್ತಿದ್ದುದೇ ಬೇರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ್ದೆಂದಿದೆ, ನಾವು ಒಂದಾಗಿಯೇ ಇದ್ದವರು, ಒಡೆದವರು ಬೇರೆಯವರು ಎಂಬುದು ಅವರ ವಾದ. ಪದ ಒಂದು ಹೇಳಿತು, ಮನಸ್ಸು ಇನ್ನೊಂದು ಹೇಳಿತು. ಮನಸ್ಸು ಹೇಳಿದ್ದಕ್ಕೆ ಹತ್ತಿರದ ಪದ ನಮ್ಮಲ್ಲೇ ಇತ್ತು: ‘ಒಂದುಗೂಡು’.

ಇಲ್ಲಿ ವ್ಯಾಕರಣದ ಮಾತು ಸ್ವಲ್ಪ ಹೆಚ್ಚಾಗಲಿದೆ, ಓದುಗರು ತಾಳ್ಮೆ ತಂದುಕೊಳ್ಳಬೇಕು. ನನಗೆ ಇದರಷ್ಟು ಪ್ರೀತಿಯ ವಿಷಯ ಇನ್ನೊಂದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯ ಬಗ್ಗೆ ಹೇಳಿದ್ದನ್ನು ನಾವು ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡುತ್ತೇವೆ. ಎರಡು ಪದ ಸೇರುವಾಗ ಒಂದು ಅಕ್ಷರ ಬಿದ್ದುಹೋಗಬಹುದು, ಇಲ್ಲದ ಅಕ್ಷರವೊಂದು ಬಂದು ನಿಲ್ಲಬಹುದು, ಇಲ್ಲವೇ ಇರುವ ಅಕ್ಷರ ಬೇರೊಂದಾಗಬಹುದು. ‘ಒಂದು’ ಮತ್ತು ‘ಆಗು’ ಸೇರಿದರೆ ‘ಒಂದಾಗು’. ‘ಒಂದು’ವಿನ ಉಕಾರ ಅಲ್ಲಿ ಇಲ್ಲವಾಗುತ್ತದೆ, ಇದು ಲೋಪ. ‘ಒಂದು’ ಮತ್ತು ‘ಕೂಡು’ ಸೇರಿದರೆ ‘ಒಂದುಗೂಡು’. ಇಲ್ಲಿ ‘ಒಂದು’ ಇಡಿಯಾಗಿ ಉಳಿದಿದೆ. ಕಕಾರ ಮಾತ್ರ ಗಕಾರವಾಗಿ ಸ್ವಲ್ಪ ಮೆತ್ತಗಾಗಿದೆ, ಇದು ಆದೇಶ. ಸುಮ್ಮನೆ ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ಒಂದಾಗುವಾಗ ಯಾರೋ ಏನನ್ನೋ ಕಳೆದುಕೊಳ್ಳುತ್ತಾರೆ. ಒಂದುಗೂಡುವಾಗ ಬರುವವರು ತಮ್ಮ ದನಿ ತಗ್ಗಿಸುತ್ತಾರೆ, ಮೊದಲೇ ಇದ್ದವರು ಜಾಗ ಬಿಡುತ್ತಾರೆ, ಅಷ್ಟೇ. ರಾಗಿ ಹೊಲದ ನಡುವೆ ಅವರೆ, ತೊಗರಿ, ಜೋಳದ ಅಕ್ಕಡಿ ಸಾಲು ಬಿಡುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಹೊಲ, ಒಂದೊಂದಕ್ಕೂ ಅದರದರ ಕೊಯ್ಲು.

ಕೂಡುವ ನದಿಗಳಲ್ಲೂ ಈ ಎರಡು ಬಗೆ ಇವೆ. ಗುಂಡ್ಲುಪೇಟೆಯ ಕಡೆಯಿಂದ ಹರಿದು ಬರುವ ಗುಂಡ್ಲು ಹೊಳೆಗೆ ಕೌಂಡಿನ್ಯ ಎಂಬ ಹೆಸರೂ ಉಂಟು. ಅದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರಿದ ಮೇಲೆ ಅದರ ಹೆಸರಿಲ್ಲ. ಆ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ, ಅಲ್ಲಿಂದ ಮುಂದೆ ಕಪಿಲೆಯ ಹೆಸರೂ ಇಲ್ಲ. ‘ಟಿ. ನರಸೀಪುರ’ ಎಂದು ಬಸ್ಸಿನ ಬೋರ್ಡಿನಲ್ಲಿ ಬರೆಯುವಾಗ ಮೊಟಕಾಗುವುದು ಈ ಸೊಗಸಾದ ‘ಕೂಡಲು’. ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ ನಡೆಯುವುದು ಬೇರೆ. ಅಲ್ಲಿ ತುಂಗೆಯೂ ಭದ್ರೆಯೂ ಕೂಡಿ ಎರಡೂ ಹೆಸರು ಉಳಿಸಿಕೊಂಡು ತುಂಗಭದ್ರೆಯಾಗಿ ಹರಿಯುತ್ತವೆ. ನದಿಗೆ ಯಾರು ಹಾಗೆ ಹೆಸರಿಟ್ಟರೋ ಅವರಿಗೆ ನನ್ನ ನಮಸ್ಕಾರ.

ರಾಜ್ಯದ ಹೆಸರಿನ ಕತೆಯೂ ಇದೇ. 1956ರಲ್ಲಿ ಎಲ್ಲರೂ ಬಂದು ಸೇರಿದ ರಾಜ್ಯಕ್ಕೆ ಮೈಸೂರೆಂದೇ ಹೆಸರು ಉಳಿಯಿತು. ಬೀದರಿನವನೂ ಕಾರವಾರದವನೂ 17 ವರ್ಷ ಮೈಸೂರು ರಾಜ್ಯದವನೆಂದು ಬರೆದುಕೊಂಡ. ಮೈಸೂರಿನವರಾದ ನಮಗೆ ಅದರ ಇರುಸುಮುರುಸು ತಿಳಿಯಲೇ ಇಲ್ಲ, ಹೆಸರು ನಮ್ಮದೇ ಆಗಿತ್ತಲ್ಲ. ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು, ಕರ್ನಾಟಕ ಎಂದಾಯಿತು. ನನ್ನ ಲೆಕ್ಕದಲ್ಲಿ ಒಂದುಗೂಡಿದ್ದು ಆ ದಿನ. ಅದಕ್ಕೆ ಮುಂಚಿನದು ಸೇರ್ಪಡೆ.

ಈಚೆಗೆ ಪತ್ರಿಕೆಗಳಲ್ಲಿ ಹೆಚ್ಚು ಕಾಣುವ ಪದ ‘ವಿಲೀನ’. ಉಪ್ಪು ನೀರಿನಲ್ಲಿ ಕರಗುವಂಥದು ಅದರ ಅರ್ಥ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡು ವರ್ಷಕ್ಕೆ ವಿಜಯಾ ಬ್ಯಾಂಕು, ಮರುವರ್ಷ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಇತರ ಬ್ಯಾಂಕುಗಳಲ್ಲಿ ಕರಗಿದವು. ಖಾತೆಯ ಹಣ ಅಷ್ಟೇ ಇದೆ, ಪಾಸ್‌ಬುಕ್ಕಿನ ಮೇಲಿನ ಹೆಸರು ಹೋಯಿತು. ಹಳ್ಳಿಯ ಶಾಲೆಗಳ ಬಗ್ಗೆಯೂ ಇದೇ ಪದ ಬಳಕೆಗೆ ಬಂದಿದೆ. ಮಕ್ಕಳು ಕಡಿಮೆಯಾದ ಶಾಲೆ ಪಕ್ಕದೂರಿನದರಲ್ಲಿ ‘ವಿಲೀನ’. ಯಾವ ಊರಿನ ಶಾಲೆಯ ಬಗ್ಗೆಯೇ ಆಗಲಿ ಈ ಪದ ಕೇಳಲು ನನಗೆ ಇಷ್ಟವಿಲ್ಲ.

‘ಕೂಡು’ ಎಂಬ ಪದದ ಇನ್ನೊಂದು ಮುಖವನ್ನು ಹೇಳದೆ ಹೋದರೆ ನಮ್ಮ ಸೀಮೆಯ ಬಗ್ಗೆ ನಿಜ ಹೇಳಿದಂತಾಗುವುದಿಲ್ಲ. ಇದೇ ಕ್ರಿಯಾಪದದ ಇಲ್ಲ ಎನ್ನುವ ರೂಪ ‘ಕೂಡದು’. ಮುಟ್ಟಕೂಡದು, ಬರಕೂಡದು, ಸೇದಕೂಡದು. ಸೇರಿಸುವ ಪದದಿಂದಲೇ ನಾವು ಬಾಗಿಲು ಹಾಕುವ ಪದವನ್ನೂ ಮಾಡಿಕೊಂಡಿದ್ದೇವೆ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರ ಹಾಕಿ ತೊಳೆದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇಷ್ಟೊಂದು ನವೆಂಬರುಗಳಲ್ಲಿ ನಾವು ಬಾವುಟ ಏರಿಸಿದ ಮೇಲೆ ನಡೆದದ್ದು ಇದು. ಬೀದರನ್ನು ಕೊಳ್ಳೇಗಾಲದೊಡನೆ ಕೂಡಿಸಬಲ್ಲ ನಾಡು ಒಂದು ಬೀದಿಯನ್ನು ಪಕ್ಕದ ಬೀದಿಯೊಡನೆ ಕೂಡಿಸಲಾರದೆ ಹೋದರೆ ನಕ್ಷೆಗೆ ಬಣ್ಣ ಬಳಿದು ಏನು ಬಂತು? ನಮ್ಮ ತಾಲ್ಲೂಕಿನಲ್ಲಿ ಏಕೀಕರಣದ ಕೆಲಸ ಉಳಿದಿರುವುದು ಈ ತೊಂಬೆಗಳ ಹತ್ತಿರ ಎಂದು ನಾನು ನಂಬಿದ್ದೇನೆ.

ಅದಕ್ಕೆ ದಾರಿಯನ್ನೂ ನಮ್ಮ ಜಿಲ್ಲೆಯೇ ತೋರಿಸಿದೆ. ಮಂಟೇಸ್ವಾಮಿ ಪರಂಪರೆಯ ಸಿದ್ಧಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ಐದು ದಿನ ಜಾತ್ರೆ. ಚಂದ್ರಮಂಡಲ ಹೊತ್ತಿಸುವುದರಿಂದ ಜಾತ್ರೆ ಶುರು. ನಾಲ್ಕನೆಯ ದಿನ ಪಂಕ್ತಿಸೇವೆ. ಜಾತ್ರೆಯ ಬಯಲಿನಲ್ಲಿ ಬಿಡಾರ ಹೂಡಿದ ಕುಟುಂಬಗಳು ಅಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಎಡೆ ಇಟ್ಟು, ನೆಂಟರನ್ನೂ ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿಕೊಂಡು ಉಣ್ಣುತ್ತಾರೆ. ಯಾವ ಕುಲವೆಂದು ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನೇ ‘ಸೇವೆ’ ಎಂದು ಕರೆದ ಪರಂಪರೆ ಇದು. ‘ಬನ್ನಿ, ನಮ್ ಕೂಟೆ ಎರಡು ತುತ್ತು ಉಣ್ಣಿ’ ಎಂದು ಗುರುತಿಲ್ಲದವರು ಕರೆಯುತ್ತಾರೆ. ಆ ಕರೆಯಲ್ಲಿನ ‘ಕೂಟೆ’ಗೆ ಇರುವ ಬಲ ನಾನು ಕೇಳಿದ ಯಾವ ರಾಜ್ಯೋತ್ಸವದ ಭಾಷಣದಲ್ಲೂ ಇರಲಿಲ್ಲ.

1997ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳನ್ನು ಕೂಡಿಸಿ ಹೊಸ ಜಿಲ್ಲೆ ಮಾಡಿದರು. ಒಡೆಯರ ಪಾಲು, ಪೂರ್ಣಯ್ಯನವರ ಪಾಲು, ಕಂಪನಿಯ ಪಾಲು ಮೂರೂ ಒಂದೇ ಉಡಿಗೆ ಬಿದ್ದವು. ಆದರೆ 1799ರಲ್ಲಿ ಕಂಪನಿಯ ಪಾಲಾದ ನಾಡಿನದೊಂದು ತುಣುಕು ಇವತ್ತಿಗೂ ಆಚೆಗೇ ಇದೆ. ಅದು ತಾಳವಾಡಿ.

ತಾಳವಾಡಿ ಈಗ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಅಲ್ಲಿನವರು ತಮ್ಮ ಜಿಲ್ಲೆಯ ಮುಖ ನೋಡಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಹತ್ತಿರದ ಪೇಟೆ ಚಾಮರಾಜನಗರ. ಬಟ್ಟೆಗೆ, ಬಂಗಾರಕ್ಕೆ, ಆಸ್ಪತ್ರೆಗೆ ಜನ ಇಲ್ಲಿಗೇ ಬರುತ್ತಾರೆ. ಡಾ. ರಾಜ್‌ಕುಮಾರ್ ಹುಟ್ಟಿದ ದೊಡ್ಡ ಗಾಜನೂರು ಅಲ್ಲಿಯದು. ದೀಪಾವಳಿ ಕಳೆದ ಮೇಲೆ ಸಗಣಿ ಎರಚಾಡುವ ಗೋರೆ ಹಬ್ಬದ ಗುಮಟಾಪುರವೂ ಅಲ್ಲಿಯದು. ಅಲ್ಲಿನವರ ಕನ್ನಡಕ್ಕೂ ಉಡಿಗಾಲದ ಕನ್ನಡಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಅವರೂ ‘ಕೂಟೆ’ಯವರೇ.

ಹಾಗೆಂದು ಗಡಿಯನ್ನು ಮತ್ತೆ ಗೀಚಬೇಕೆಂಬ ಕೂಗು ನನ್ನದಲ್ಲ. ಮೂರು ರಾಜ್ಯ ಸೇರುವ ಈ ನೆಲದಲ್ಲಿ ಬದುಕಿದವರಿಗೆ ಗಡಿಯ ಆಚೆ ಇರುವವರೂ ನಮ್ಮವರೆಂಬುದು ಗೊತ್ತು. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳಿಗೆ ಕೇರಳದವರು ಬರುತ್ತಾರೆ. ನಮ್ಮ ತರಕಾರಿ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ, ಊಟಿಗೂ ಹೋಗುತ್ತದೆ. ಮಾರುಕಟ್ಟೆಯಲ್ಲಿ ಕಿವಿಗೊಟ್ಟರೆ ತಮಿಳಿನವನು ‘ಎನ್ ಕೂಡ ವಾ’ ಎನ್ನುತ್ತಾನೆ, ಮಲಯಾಳಿ ‘ಎಂಡೆ ಕೂಡೆ’ ಎನ್ನುತ್ತಾನೆ, ನಮ್ಮವನು ‘ನನ್ ಕೂಟೆ’ ಎನ್ನುತ್ತಾನೆ. ಮೂವರೂ ಹೇಳುವುದು ಒಂದೇ, ಹೇಳುವ ಪದವೂ ಒಂದೇ. ಭಾಷೆಗಳು ಬೇರೆಯಾಗಿ ಎಷ್ಟೋ ಶತಮಾನ ಕಳೆದರೂ ಈ ಪದವನ್ನು ಯಾವ ಭಾಷೆಯೂ ಬಿಟ್ಟುಕೊಡಲಿಲ್ಲ. ತಮಿಳಿನ ‘ಕೂಡ’ವನ್ನು ಕಲಿಯುವ ತಾಳವಾಡಿಯ ಮಗುವಿಗೆ ಅದರಿಂದ ನಷ್ಟವೇನೂ ಇಲ್ಲ.

ನಷ್ಟವಿರುವುದು ಕನ್ನಡದ ‘ಕೂಡೆ’ಯನ್ನು ಓದುಬರಹದಲ್ಲಿ ಕಲಿಯಲು ಅವಕಾಶ ಇಲ್ಲವಾದಾಗ. ತಮಿಳುನಾಡು 2006ರಲ್ಲಿ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿತು. ಗಡಿಯಲ್ಲಿರುವ ಕನ್ನಡ, ತೆಲುಗು, ಮಲಯಾಳಂ ಮನೆಮಾತಿನ ಮಕ್ಕಳು ಒಂದೊಂದು ತರಗತಿ ದಾಟಿದಂತೆ ಅದರ ಭಾರ ಕಂಡರು. ರಾಜ್ಯದ ಭಾಷೆ ಬೇಕೇ ಬೇಕು, ಅನ್ನದ ದಾರಿ ಅದು. ಅದರ ಕೂಡೆ ಮನೆಮಾತೂ ಬೇಕು. ನಮ್ಮಲ್ಲಿ ಗಡಿ ಪ್ರದೇಶಕ್ಕೆಂದೇ ಪ್ರಾಧಿಕಾರವಿದೆ, ಚಾಮರಾಜನಗರದಲ್ಲಿ ಸಾಹಿತ್ಯ ಪರಿಷತ್ತಿನ ಜಿಲ್ಲಾ ಘಟಕವಿದೆ, ಕನ್ನಡ ಓದಿದ ಹುಡುಗ ಹುಡುಗಿಯರು ಹಳ್ಳಿಹಳ್ಳಿಯಲ್ಲಿದ್ದಾರೆ. ಭಾನುವಾರದ ಬಸ್ಸು ಹತ್ತಿ ತಾಳವಾಡಿಗೆ ಹೋಗಿ ಮಕ್ಕಳಿಗೆ ಎರಡು ಗಂಟೆ ಕನ್ನಡ ಓದಿಸಿ ಬರುವುದಕ್ಕೆ ಯಾವ ಆಯೋಗದ ವರದಿಯೂ ಬೇಡ. ಚಾಮರಾಜನಗರದ ಹಳೆಯ ಗ್ರಂಥಾಲಯಗಳಲ್ಲಿ ಎರಡು ಮೂರು ಪ್ರತಿ ಇರುವ ಮಕ್ಕಳ ಪುಸ್ತಕಗಳಲ್ಲಿ ಒಂದೊಂದನ್ನು ಅಲ್ಲಿಗೆ ಕಳಿಸಬಹುದು. ಈ ನವೆಂಬರಿನಲ್ಲಿ ನಮ್ಮೂರಿನ ಸಮಿತಿಯವರು ಕಾರ್ಯಕ್ರಮಕ್ಕೆ ಏನು ಮಾಡೋಣವೆಂದು ಕೇಳಿದರೆ ನಾನು ಇದನ್ನೇ ಹೇಳುವವನಿದ್ದೇನೆ, ಹೋಗುವವರ ಕೂಟೆ ಹೋಗುವವನೂ ಇದ್ದೇನೆ.